ಹಳತೆಂಬ ಹೆಗ್ಗಳಿಕೆ

ಐದು ವರ್ಷ ಕಾದಿಟ್ಟಿದ್ದ ಬಿಯರ್ ಬಾಟಲಿಯೊಂದನ್ನು ಇತ್ತೀಚೆಗೆ ತೆರೆದೆ. ಚೆನ್ನಾಗಿತ್ತು. ಆದರೆ ಐದು ವರ್ಷ ಕಾಯುವಷ್ಟು ಚೆನ್ನಾಗಿರಲಿಲ್ಲ. ಈ ಎರಡನೆಯ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಮೂರು ವಾರ ಹಿಡಿಯಿತು. ನನ್ನ ತಕರಾರು ಇರುವುದು ಆ ಮೂರು ವಾರಗಳ ಹಿಂಜರಿಕೆಯ ಜೊತೆಗೆ.

ಪಿಎಚ್.ಡಿ. ಮಾಡಲೆಂದು ಬೆಲ್ಜಿಯಂನ ಲೂವೆನ್‌ಗೆ ಬಂದದ್ದು 2019ರಲ್ಲಿ. ಮೊದಲ ಚಳಿಗಾಲದಲ್ಲೇ ಧಾರವಾಡದ ಗೆಳೆಯನೊಬ್ಬನ ಜೊತೆ ಸೇರಿ ರೋಶ್‌ಫೋರ್ 10 ಎಂಬ ಕಡುಗಂದು ಬಿಯರಿನ ಎರಡು ಬಾಟಲಿ ಕೊಂಡೆ. ದೇಶದ ದಕ್ಷಿಣ ಭಾಗದ ಸೇಂಟ್-ರೆಮಿ ಎಂಬ ಟ್ರ್ಯಾಪಿಸ್ಟ್ ಮಠದಲ್ಲಿ ತಯಾರಾಗುವ ಇದರಲ್ಲಿ ಮದ್ಯಸಾರ ಶೇ. 11.3ರಷ್ಟು. ಒಂದನ್ನು ಅಂದೇ ಹಂಚಿಕೊಂಡು ಕುಡಿದೆವು. ಇನ್ನೊಂದನ್ನು ಇಬ್ಬರ ಥೀಸಿಸ್ಸೂ ಮುಗಿದ ದಿನ ತೆರೆಯೋಣವೆಂದು ಮನೆಯ ನೆಲಮಾಳಿಗೆಯ ಕತ್ತಲಲ್ಲಿ ನೆಟ್ಟಗೆ ನಿಲ್ಲಿಸಿದೆವು. ಇಂಥ ಬಿಯರ್ ಇಟ್ಟಷ್ಟೂ ಮಾಗುತ್ತದೆ ಎಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಮಾತು ಪೂರ್ತಿ ಸುಳ್ಳಲ್ಲ. ಇಂಥ ಬಿಯರನ್ನು ಬಾಟಲಿಗೆ ತುಂಬುವಾಗ ಸ್ವಲ್ಪ ಸಕ್ಕರೆ ಮತ್ತು ಜೀವಂತ ಯೀಸ್ಟ್ ಸೇರಿಸುತ್ತಾರೆ. ಅದು ಒಳಗೇ ಮತ್ತೊಮ್ಮೆ ಹುದುಗಿ ನೊರೆಗೆ ಬೇಕಾದ ಅನಿಲ ಕೊಡುತ್ತದೆ, ಒಳಗಿರುವ ಆಮ್ಲಜನಕವನ್ನೂ ಹೀರಿಕೊಳ್ಳುತ್ತದೆ. ಹೆಚ್ಚಿನ ಮದ್ಯಸಾರವೂ ಕಾಪಾಡುತ್ತದೆ. ಸಾಮಾನ್ಯ ಲಾಗರ್ ಕೆಲವೇ ತಿಂಗಳಲ್ಲಿ ಸಪ್ಪೆಯಾದರೆ ಇದು ವರ್ಷಗಟ್ಟಲೆ ತಾಳುವುದು ಇದರಿಂದ. ಆದರೆ ತಾಳುವುದು ಬೇರೆ, ಉತ್ತಮವಾಗುವುದು ಬೇರೆ. ವರ್ಷ ಕಳೆದಂತೆ ಹಾಪ್ಸ್ ಹೂವಿನ ಕಹಿ ಒಡೆದು ಕುಂದುತ್ತದೆ. ಯೀಸ್ಟ್ ಕೊಟ್ಟಿದ್ದ ಹಣ್ಣಿನ ಘಮ ಇಳಿಯುತ್ತದೆ. ಮುಚ್ಚಳದ ಅಂಚಿನಿಂದ ಎಳೆ ಎಳೆಯಾಗಿ ನುಗ್ಗುವ ಗಾಳಿ ಒಣದ್ರಾಕ್ಷಿಯ, ಶೆರಿ ವೈನಿನ ಛಾಯೆ ತರುತ್ತದೆ. ಸತ್ತ ಯೀಸ್ಟ್ ಒಡೆದು ಸೋಯಾ ಸಾಸಿನಂಥ ಉಪ್ಪುವಾಸನೆಯೂ ಬರಬಹುದು. ಇವೆಲ್ಲಕ್ಕೂ ಸೇರಿಸಿ 'ಮಾಗುವುದು' ಎಂಬ ಒಂದೇ ಮುದ್ದು ಹೆಸರಿಟ್ಟಿದ್ದೇವೆ. ಸವೆತ ಎಂದರೂ ತಪ್ಪಾಗದು.

2019ರಲ್ಲಿ ಕುಡಿದ ಬಾಟಲಿಯ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ: "ಜೋನಿಬೆಲ್ಲ. ಮೆಣಸಿನ ಖಾರ. ಎಲ್ಲೋ ಬಾಳೆಹಣ್ಣು. ಗಂಟಲಲ್ಲಿ ಬೆಚ್ಚಗೆ." ಈಗ ಹೋಲಿಸಿ ನೋಡಲೇಬೇಕೆಂದು ಅಂಗಡಿಯಿಂದ ಅದೇ ಬಿಯರಿನ ಹೊಸ ಬಾಟಲಿ ತಂದೆ. ಮನೆಯಲ್ಲಿದ್ದವರು ಐವರು. ಒಬ್ಬಳು ಅಡುಗೆಮನೆಯಲ್ಲಿ ಎರಡನ್ನೂ ಬಗ್ಗಿಸಿ, ನೊರೆ ಇಳಿಯಲು ಬಿಟ್ಟು, ಲೋಟಗಳ ತಳಕ್ಕೆ ಚೀಟಿ ಅಂಟಿಸಿ ತಂದಳು. ಕುಡಿದವರು ನಾಲ್ವರು.

ಒಂದು ಲೋಟದ್ದು ನುಣುಪಾಗಿತ್ತು. ಖರ್ಜೂರ, ಹಳೆಯ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ, ಕೊನೆಗೆ ಏನೂ ಉಳಿಯದಂತೆ ಮುಗಿಯುವ ಸಿಹಿ. ಇನ್ನೊಂದರಲ್ಲಿ ಗದ್ದಲವಿತ್ತು: ಖಾರ, ಸುಟ್ಟ ಬೆಲ್ಲ, ಸಿಹಿಗೆ ಅಡ್ಡಗಾಲು ಹಾಕುವ ಕಹಿ. ನಾಲ್ವರಲ್ಲಿ ಮೂವರು ಗದ್ದಲದ ಲೋಟವನ್ನು ಮೆಚ್ಚಿದೆವು. ಆ ಮೂವರಲ್ಲಿ ನಾನೂ ಒಬ್ಬ. ಚೀಟಿ ತಿರುಗಿಸಿದರೆ ಅದು ಹೊಸದು.

ನಿಜವಾದ ತಮಾಷೆ ನಡೆದದ್ದು ಆಮೇಲೆ. ಎರಡು ನಿಮಿಷವೂ ಆಗಿರಲಿಲ್ಲ, "ಆದರೆ ಹಳೆಯದರಲ್ಲಿ ಒಂದು ಆಳ ಇದೆ" ಎಂದು ಒಬ್ಬರು ಶುರುಮಾಡಿದರು. "ಗಾಂಭೀರ್ಯ" ಎಂದರು ಇನ್ನೊಬ್ಬರು. ನಾನೂ ತಲೆಯಾಡಿಸಿದೆ. ನಾಲಿಗೆ ಹೇಳಿದ್ದನ್ನು ಚೀಟಿ ತಿದ್ದಿತು, ನಾನು ಸಹಿ ಹಾಕಿದೆ.

ನಾಲ್ಕು ಲೋಟದಿಂದ ಏನೂ ಸಾಬೀತಾಗುವುದಿಲ್ಲ ಎನ್ನುತ್ತೀರಿ. ಒಪ್ಪಿದೆ. ನಾಲ್ಕನೆಯವನಿಗೆ ಮೊದಲಿನಿಂದಲೂ ಹಳೆಯದೇ ಹಿಡಿಸಿತ್ತು, ಅವನ ಮೇಲೆ ನನ್ನ ಜಗಳವಿಲ್ಲ. ಜಗಳ ಇರುವುದು ತಾರೀಖು ನೋಡಿದ ಮೇಲೆ ಮೆಚ್ಚುವವರ ಮೇಲೆ, ಅಂದರೆ ನನ್ನ ಮೇಲೆ.

ಈ ಜಂಭಕ್ಕೆ ಮಾರುಕಟ್ಟೆಯೂ ಇದೆ. ಪಶ್ಚಿಮ ಬೆಲ್ಜಿಯಂನ ಸೇಂಟ್ ಸಿಕ್ಸ್ಟಸ್ ಮಠದ ಸನ್ಯಾಸಿಗಳು ತಮ್ಮ ವೆಸ್ಟ್‌ವ್ಲೆಟೆರೆನ್ ಬಿಯರನ್ನು ಮಠ ನಡೆಯಲು ಬೇಕಾದಷ್ಟೇ ತಯಾರಿಸುತ್ತಾರೆ. ಮೊದಲೇ ಕಾಯ್ದಿರಿಸಬೇಕು, ಮಠಕ್ಕೇ ಬಂದು ಒಯ್ಯಬೇಕು, ಮರುಮಾರಾಟ ಮಾಡಕೂಡದು ಎಂಬುದು ಅವರ ಷರತ್ತಾಗಿತ್ತು. ಆದರೂ 2018ರಲ್ಲಿ ನೆದರ್ಲೆಂಡಿನ ಸೂಪರ್‌ಮಾರ್ಕೆಟ್ ಸರಣಿಯೊಂದು ಅದನ್ನು ಹಲವು ಪಟ್ಟು ಬೆಲೆಗೆ ಮಾರಿತು. ಸನ್ಯಾಸಿಗಳು ಬಹಿರಂಗವಾಗಿಯೇ ಬೇಸರ ತೋಡಿಕೊಂಡರು. ಕುಡಿಯಲೆಂದು ಮಾಡಿದ್ದು ಕೂಡಿಡುವ ಆಸ್ತಿಯಾದಾಗ ಆಗುವುದೇ ಇದು. ಬಡತನದ ವ್ರತ ತೊಟ್ಟವರ ಕೈಕೆಲಸವನ್ನು ನೆಲಮಾಳಿಗೆಯ ನಿಧಿ ಮಾಡಿಕೊಂಡು ಅದನ್ನು ಗೌರವ ಎಂದುಕೊಳ್ಳುತ್ತೇವೆ.

ಹಳತಿನ ರುಚಿ ನಮಗೇನೂ ಹೊಸದಲ್ಲ. ನಮ್ಮ ಮನೆಯಲ್ಲಿ ಅಪ್ಪೆಮಿಡಿಯ ಭರಣಿಗೆ ವರ್ಷ ತುಂಬದೆ ಯಾರೂ ಕೈಹಾಕುತ್ತಿರಲಿಲ್ಲ. ಅಜ್ಜಿಗೆ ಹಳೆ ಅಕ್ಕಿಯೇ ಬೇಕಿತ್ತು. ಹೊಸದಾದರೆ ಅನ್ನ ಮುದ್ದೆಯಾಗುತ್ತದೆ, ಹಳತಾದರೆ ಉದುರುದುರಾಗುತ್ತದೆ. ಆದರೆ ನೀರಾವನ್ನು ಬೆಳಗಿನ ತಂಪಿನಲ್ಲೇ ಕುಡಿಯಬೇಕು, ಬಿಸಿಲೇರಿದರೆ ಕೆಟ್ಟಿತು ಎಂಬುದೂ ಆಕೆಗೆ ಗೊತ್ತಿತ್ತು. ಯಾವುದನ್ನು ಇಡಬೇಕು, ಎಷ್ಟು ದಿನ, ಯಾತಕ್ಕೆ ಎಂಬುದಕ್ಕೆ ಅಜ್ಜಿಯ ಬಳಿ ಬಾಯಿಗೆ ತಿಳಿಯುವ ಕಾರಣವಿತ್ತು. ನನ್ನ ಬಳಿ ಇದ್ದದ್ದು ಒಂದು ತಾರೀಖು ಮಾತ್ರ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಬಿಯರಿನ ಉಸಾಬರಿ ಯಾಕೆ ಎಂದರೆ, ಇದೇ ಚೀಟಿ ನಮ್ಮ ವಿಚಾರಸಂಕಿರಣಗಳಲ್ಲೂ ಇದೆ. ಹೊಸ ಕವಿಯ ಮೊದಲ ಸಂಕಲನ ಮುಂದಿಟ್ಟರೆ "ನೋಡೋಣ, ಕಾಲವೇ ಹೇಳಬೇಕು" ಎಂದು ಪಕ್ಕಕ್ಕೆ ಸರಿಸುತ್ತೇವೆ. ಕಾಲ ಏನನ್ನೂ ಹೇಳುವುದಿಲ್ಲ, ಓದಿದವರು ಹೇಳಬೇಕು. ಓದದೆ ಕಾಯುವುದಕ್ಕೆ ವಿವೇಕ ಎಂಬ ಹೆಸರು ಕೊಟ್ಟುಕೊಂಡಿದ್ದೇವೆ, ಅಷ್ಟೆ. ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಯ ಹೆಸರು ಮರೆಮಾಡಿ ವಿದ್ಯಾರ್ಥಿಗಳಿಂದ ಪದ್ಯಗಳ ಬಗ್ಗೆ ಬರೆಸಿದ, ಅದರಿಂದ ಹುಟ್ಟಿದ ಪುಸ್ತಕ 1929ರಲ್ಲಿ ಬಂತು. ಅದನ್ನು ನಾವು ಪರೀಕ್ಷೆಗೆ ಓದುತ್ತೇವೆ. ಆದರೆ ಹೆಸರೂ ಇಸವಿಯೂ ಇಲ್ಲದ ಹಾಳೆಯೊಂದನ್ನು ಕೈಗಿತ್ತು "ಈಗ ಹೇಳು" ಎಂದರೆ ನಮ್ಮಲ್ಲಿ ಎಷ್ಟು ಜನಕ್ಕೆ ಬಾಯಿ ಬರುತ್ತದೆ?

ನನ್ನ ಗೆಳೆಯ ಥೀಸಿಸ್ ಮುಗಿಸಲಿಲ್ಲ. ಮನೆಯ ತಾಪತ್ರಯಕ್ಕೆ 2021ರಲ್ಲೇ ಊರಿಗೆ ಮರಳಿದ, ಈಗ ಹುಬ್ಬಳ್ಳಿಯಲ್ಲಿದ್ದಾನೆ. ಅವನು ಹೊರಟ ಹಿಂದಿನ ರಾತ್ರಿ ಬಾಟಲಿ ಕೆಳಗೇ ಇತ್ತು. ನಾಲ್ಕು ಮೆಟ್ಟಿಲು ಇಳಿದು ತರಬಹುದಿತ್ತು. "ಇನ್ನೂ ಎರಡೇ ವರ್ಷ ಆಗಿದೆ, ಮಾಗಲಿ" ಎಂದವನು ನಾನೇ.

ಮೊನ್ನೆ ಫೋನಿನಲ್ಲಿ ಎಲ್ಲ ಹೇಳಿದೆ: ಚೀಟಿ, ಖರ್ಜೂರ, ಮರದ ಪೆಟ್ಟಿಗೆ. ಸುಮ್ಮನೆ ಕೇಳಿಸಿಕೊಂಡ.

"ಅವತ್ತ ಎರಡೂ ಕುಡದು ಮುಗಸಬೇಕಿತ್ತಲೇ, ಹುಚ್ಚಪ್ಪ" ಎಂದ.