ಕತ್ತಿಯಿಲ್ಲದ ಆಟ ನಿರಪರಾಧಿಯೆ?

ಮಕ್ಕಳಿಗೆ ಕಂಪ್ಯೂಟರ್ ಆಟ ಕೊಡಿಸುವ ತಂದೆತಾಯಿಗಳಲ್ಲಿ ಈಚೆಗೆ ಒಂದು ಪಂಥ ಬೆಳೆದಿದೆ. ಬಂದೂಕಿನ ಆಟ ಬೇಡ, ವ್ಯಾಪಾರದ ಆಟವಾದರೆ ಅಡ್ಡಿಯಿಲ್ಲ ಎಂಬುದು ಈ ಪಂಥದವರ ಮತ. ಬಂದೂಕಿನ ಆಟದಲ್ಲಿ ರಕ್ತ ಹರಿಯುತ್ತದೆ. ವ್ಯಾಪಾರದ ಆಟದಲ್ಲಿ ಹಡಗು ಹೋಗುತ್ತದೆ, ಸರಕು ಬರುತ್ತದೆ, ಜಮಾ ಖರ್ಚು ಕಾಣುತ್ತದೆ. ಹುಡುಗ ನಾಳೆ ಬಿ.ಕಾಂ. ಓದುವವನು; ಈಗಲೇ ನಾಲ್ಕು ಲೆಕ್ಕ ಕಲಿತರೆ ಕೆಟ್ಟುಹೋಗುವುದೇನು? ಇಷ್ಟು ವಿಚಾರ ಮಾಡಿದ ಮೇಲೆ ಅವರಿಗೆ ಉಳಿಯುವ ಪ್ರಶ್ನೆಗಳು ಎರಡೇ. ಚಿತ್ರ ಚೆನ್ನಾಗಿದೆಯೆ? ರಿಯಾಯಿತಿ ಎಷ್ಟು? ಕಚೇರಿಯಿಂದ ಬಂದು ಊಟ ಮುಗಿಸಿ, ನಡುರಾತ್ರಿಯ ತನಕ ಸ್ವತಃ ಆಡುವ ದೊಡ್ಡವರು ಆರಿಸುವ ರೀತಿಯೂ ಇದಕ್ಕಿಂತ ಹೆಚ್ಚು ಬೇರೆಯಲ್ಲ.

ಈ ಪಂಥದ ಮೇಲೆ ನನ್ನ ತಕರಾರಿದೆ. ಆಟವೇ ಕೂಡದೆಂದು ಹೇಳುವ ಹಿರಿಯರ ಸಾಲಿನಲ್ಲಿ ನನ್ನನ್ನು ಕೂಡಿಸಬೇಡಿ; ನಾನೂ ಆಡುವವನೇ. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆ ಎನ್ನುವವರೂ ಉಂಟು. ಬರೆದದ್ದನ್ನು ಓದಿ, ಬರೆಯದೆ ಬಿಟ್ಟದ್ದೇನು ಎಂದು ಹುಡುಕುವುದು ನನ್ನ ಕಸುಬು. ವ್ಯಾಪಾರದ ಆಟವೂ ಒಂದು ಬರವಣಿಗೆಯೇ. ವಸ್ತು ಎಲ್ಲಿಂದ ಬರುತ್ತದೆ, ಬೆಲೆ ಕಟ್ಟುವವರು ಯಾರು, ನಷ್ಟ ಯಾರ ತಲೆಗೆ ಬೀಳುತ್ತದೆ ಎಂಬುದನ್ನು ಅದು ಅಂಕಿಗಳಲ್ಲಿ ಹೇಳುತ್ತದೆ. ಕಾದಂಬರಿಕಾರ ಸುಳ್ಳು ಹೇಳಿದರೆ ಓದುಗನಿಗೆ ಎಲ್ಲೋ ಒಂದು ಕಡೆ ಅನುಮಾನ ಮೂಡುತ್ತದೆ. ಅಂಕಿ ಸುಳ್ಳು ಹೇಳಿದಾಗ ಅನುಮಾನ ಪಡುವವರು ಕಡಮೆ.

ಒಂದು ನಿದರ್ಶನ ಕೊಡುತ್ತೇನೆ. ೧೯೯೪ರಲ್ಲಿ ಅಮೆರಿಕದ ಮೈಕ್ರೋಪ್ರೋಸ್ ಸಂಸ್ಥೆ 'ಕಾಲೊನೈಸೇಶನ್' ಎಂಬ ಆಟವನ್ನು ಹೊರತಂದಿತು. ಆಡುವವನು ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್, ಹಾಲೆಂಡ್ ಇವುಗಳಲ್ಲಿ ಒಂದರ ಪರವಾಗಿ ಹೊಸ ಖಂಡದಲ್ಲಿ ವಸಾಹತು ಹೂಡಬೇಕು. ಕಬ್ಬು, ಹೊಗೆಸೊಪ್ಪು, ಹತ್ತಿ ಬೆಳೆಸಬೇಕು. ಸಕ್ಕರೆಯಿಂದ ರಮ್ ಇಳಿಸಬೇಕು, ಹತ್ತಿಯಿಂದ ಬಟ್ಟೆ ನೇಯಬೇಕು, ಯೂರೋಪಿಗೆ ಕಳುಹಿಸಿ ಮಾರಬೇಕು. ಒಂದೇ ಸರಕನ್ನು ಹೆಚ್ಚು ಹೆಚ್ಚು ಮಾರಿದರೆ ಧಾರಣೆ ಇಳಿಯುತ್ತದೆ. ಅಚ್ಚುಕಟ್ಟಾದ ಆಟ, ಒಪ್ಪತಕ್ಕ ಮಾತೇ. ಅದರಲ್ಲಿ ದುಡಿಯುವವರಲ್ಲಿ ಕರಾರಿನ ಆಳುಗಳಿದ್ದಾರೆ, ಸಣ್ಣಪುಟ್ಟ ಅಪರಾಧ ಮಾಡಿ ಗಡೀಪಾರಾದವರಿದ್ದಾರೆ, ನುರಿತ ಕಬ್ಬುಬೆಳೆಗಾರರಿದ್ದಾರೆ. ಸಂಕೋಲೆ ತೊಡಿಸಿ ಆಫ್ರಿಕದಿಂದ ತಂದ ಗುಲಾಮ ಮಾತ್ರ ಒಬ್ಬನೂ ಇಲ್ಲ! ಆ ಕಬ್ಬಿನ ಗದ್ದೆಯಲ್ಲಿ ನಿಜವಾಗಿ ಕತ್ತಿ ಹಿಡಿದು ನಿಂತವನು ಯಾರೋ ಅವನನ್ನೇ ಲೆಕ್ಕದಿಂದ ತೆಗೆದುಹಾಕಿದ ಮೇಲೆ, ಸಕ್ಕರೆಯ ಲಾಭ ಆಡುವವನ ಜಾಣತನದ ಫಲವಾಗಿ ಕಾಣದೆ ಇನ್ನೇನು?

ನಮಗೆ ಹತ್ತಿರದ್ದು ಇನ್ನೊಂದು. ಫಿನ್ಲೆಂಡಿನ ನೈಟ್ರೋ ಗೇಮ್ಸ್ ೨೦೦೯ರಲ್ಲಿ ತಂದ ಆಟ. ಹೆಸರೇ 'ಈಸ್ಟ್ ಇಂಡಿಯಾ ಕಂಪನಿ'. ಯೂರೋಪಿನ ಒಂದು ಕಂಪನಿಯ ಯಜಮಾನನಾಗಿ ಕೂತು, ಹಡಗು ಕಟ್ಟಿಸಿ, ಪೂರ್ವದೇಶದ ಸರಕನ್ನು ತುಂಬಿಕೊಂಡು ಹೋಗಿ ಮಾರುವುದು ಕೆಲಸ. ಕಥೆ ೧೬೦೦ರಲ್ಲಿ ಆರಂಭವಾಗಿ ೧೭೫೦ರಲ್ಲಿ ನಿಲ್ಲುತ್ತದೆ. ಎಷ್ಟು ಅನುಕೂಲವಾದ ಇಸವಿ ನೋಡಿ! ಪ್ಲಾಸಿ ಕದನ ನಡೆದದ್ದು ೧೭೫೭ರಲ್ಲಿ. ಬಂಗಾಳದ ಕಂದಾಯ ವಸೂಲಿಯ ಹಕ್ಕು ಕಂಪನಿಯ ಕೈಗೆ ಬಂದದ್ದು ೧೭೬೫ರಲ್ಲಿ. ೧೭೭೦ರ ಕ್ಷಾಮದಲ್ಲಿ ಅಲ್ಲಿನ ಜನರಲ್ಲಿ ಮೂರರಲ್ಲೊಂದು ಪಾಲಾದರೂ ಸತ್ತರೆಂದು ಬರೆದವನು ಕಂಪನಿಯ ಅಧಿಕಾರಿ ವಾರೆನ್ ಹೇಸ್ಟಿಂಗ್ಸನೇ. ೧೭೯೯ರ ಶ್ರೀರಂಗಪಟ್ಟಣವನ್ನು ನಮ್ಮವರಿಗೆ ನೆನಪು ಮಾಡಿಕೊಡಬೇಕಾಗಿಲ್ಲ. ಲೆಕ್ಕಪುಸ್ತಕ ಮುಚ್ಚಿದ ಮೇಲೆ ಬಾಕಿ ವಸೂಲಿ ಶುರುವಾಯಿತು. ನಮ್ಮ ಮನೆಯ ಹುಡುಗ ಬೆಂಗಳೂರಿನಲ್ಲಿ ಕೂತು ಆ ಕಂಪನಿಯ ಪರವಾಗಿ ಲಾಭ ಎಣಿಸುತ್ತಿರುವಾಗ, ಅವನ ಮುತ್ತಜ್ಜಂದಿರು ಆ ಪುಸ್ತಕದ ಯಾವ ಕಲಮಿನಲ್ಲಿದ್ದಾರೆಂದು ಅವನಿಗೆ ಯಾರು ಹೇಳಬೇಕು?

"ಆಟವನ್ನು ಆಟವಾಗಿ ನೋಡಿ ಸ್ವಾಮಿ, ಅದರಲ್ಲಿ ಚರಿತ್ರೆಯನ್ನೇಕೆ ಹುಡುಕುತ್ತೀರಿ?" ಎಂಬ ಸಮಾಧಾನವನ್ನು ನಾನು ಬಲ್ಲೆ. ಹಡಗಿನ ಹಾಯಿಯ ಹಗ್ಗವನ್ನು ಕೂಡ ಚರಿತ್ರೆ ನೋಡಿ ಬರೆದವರು, ಇಸವಿಗಳನ್ನು ತಾವೇ ಎದೆಯ ಮೇಲೆ ಚುಚ್ಚಿಕೊಂಡು ಬಂದವರು, ಮುಜುಗರದ ಜಾಗ ಬಂದಾಗ ಮಾತ್ರ ಇದು ಬರೀ ಆಟ ಎಂದು ನುಣುಚಿಕೊಳ್ಳಲಾಗದು. ಇದಕ್ಕಿಂತ ಬಲವಾದ ಆಕ್ಷೇಪವೊಂದುಂಟು. ಗುಲಾಮರನ್ನು ಆಟದಲ್ಲಿ ತಂದರೆ, ಆಡುವವನು ಮೋಜಿಗಾಗಿ ಮನುಷ್ಯರನ್ನು ಕೊಂಡು ಮಾರಬೇಕಾಗುತ್ತದಲ್ಲ, ಅದು ಇನ್ನೂ ಹೇಯವಲ್ಲವೆ? ಈ ಪ್ರಶ್ನೆಗೆ ನಾನು ತಲೆಬಾಗುತ್ತೇನೆ. ಆದರೆ ಉತ್ತರವನ್ನು ಕೆಲವು ಆಟಗಳೇ ಕೊಟ್ಟಿವೆ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ 'ವಿಕ್ಟೋರಿಯಾ ೩' (೨೦೨೨) ೧೮೩೬ರಿಂದ ಒಂದು ನೂರು ವರ್ಷದ ಕಥೆ. ಅದರಲ್ಲಿ ಗುಲಾಮಗಿರಿ ಒಂದು ಕಾನೂನು. ತೆಗೆಯಹೊರಟರೆ ಜಮೀನ್ದಾರರು ತಿರುಗಿ ಬೀಳುತ್ತಾರೆ, ಅಂತರ್ಯುದ್ಧವೇ ಆಗಬಹುದು. ಕಣ್ಣು ಮುಚ್ಚಿಕೊಳ್ಳಲು ಅಲ್ಲಿ ಎಡೆಯಿಲ್ಲ. ಅಷ್ಟು ಭಾರ ಬೇಡವೆಂದರೆ, ಸತ್ತವರ ಋಣವೇ ಇಲ್ಲದ ಮಂಗಳಗ್ರಹಕ್ಕೆ ಹೋಗಿ ಅಂಗಡಿ ತೆರೆಯಬಹುದು. ಅಂಥ ಆಟವೂ ಉಂಟು, ಮುಂದೆ ಹೇಳುತ್ತೇನೆ.

ಚರಿತ್ರೆಯ ಮಾತು ಸಾಕು. ವ್ಯಾಪಾರದ ಆಟದಲ್ಲಿ ವ್ಯಾಪಾರವಾದರೂ ಇದೆಯೆ? ಕ್ರಿಸ್ ಸಾಯರ್ ಎಂಬಾತ ೧೯೯೪ರಲ್ಲಿ ಬರೆದ 'ಟ್ರಾನ್ಸ್‌ಪೋರ್ಟ್ ಟೈಕೂನ್' ಆಟವನ್ನು ಎಲ್ಲರೂ ಹೊಗಳುತ್ತಾರೆ. ಅದೇ ಬಗೆಯ 'ಓಪನ್ ಟಿಟಿಡಿ' ಇಂದು ಪುಕ್ಕಟೆ ಸಿಗುತ್ತದೆ. ರೈಲು ಹಾಕಿ ಆಡುವ ಸುಖ ದೊಡ್ಡದೇ. ಆದರೆ ವಿದ್ಯುತ್ ಸ್ಥಾವರಕ್ಕೆ ನೀವು ಹತ್ತು ಗಾಡಿ ಕಲ್ಲಿದ್ದಲು ತಂದರೂ, ನೂರು ಗಾಡಿ ತಂದು ಗುಡ್ಡ ಹಾಕಿದರೂ, ಟನ್ನಿಗೆ ಸಿಗುವ ಬಾಡಿಗೆ ಅಷ್ಟೇ. ದೂರ ಎಷ್ಟು, ಎಷ್ಟು ದಿನ ಹಿಡಿಯಿತು ಎಂಬುದರ ಮೇಲೆ ಹಣ. ಇದು ಸಾಗಣೆಯ ಆಟ. ಇದನ್ನು ಮಾರುಕಟ್ಟೆಯ ಪಾಠವೆಂದು ಮಗನಿಗೆ ಕೊಡಿಸುವುದು, ಲಾರಿ ಓಡಿಸಲು ಕಲಿಸಿ ಮಂಡಿಯ ವ್ಯವಹಾರ ಕಲಿಸಿದೆ ಎಂದಂತೆ.

ನನ್ನ ವಿದ್ಯಾರ್ಥಿಯೊಬ್ಬ ಕೋಲಾರದ ಕಡೆಯವನು. ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ದ್ವೀಪಗಳಲ್ಲಿ ಊರು ಕಟ್ಟಿ ಸರಕು ಸಾಗಿಸುವ 'ಆನ್ನೊ ೧೮೦೦' (೨೦೧೯) ಆಟವನ್ನು ಗೆಳೆಯನ ಕೋಣೆಯಲ್ಲಿ ನಾಲ್ಕು ದಿನ ಆಡಿ ಬಂದಿದ್ದ. ಹೇಗಿತ್ತಪ್ಪಾ ಎಂದು ಕೇಳಿದೆ. "ಚೆನ್ನಾಗೈತೆ ಸಾರ್. ಆದ್ರೆ ಅದ್ರಲ್ಲಿ ಗೋಡೌನ್‌ನಲ್ಲಿ ಇಟ್ಟ ಆಲೂಗಡ್ಡೆ ಕೊಳೆಯೋದೇ ಇಲ್ಲ. ಹಂಗಿದ್ರೆ ನಮ್ಮಪ್ಪನೂ ಗೆಲ್ತಿದ್ರು" ಎಂದ. ಅರ್ಥಶಾಸ್ತ್ರದ ನನ್ನ ಸಹೋದ್ಯೋಗಿಗಳು ಒಂದು ಗಂಟೆ ಹೇಳುವುದನ್ನು ಅವನು ಒಂದು ಉಸಿರಿನಲ್ಲಿ ಹೇಳಿದ. ಕೊಳೆಯುವ ಸರಕನ್ನು ಹಿಡಿದು ನಿಂತವನಿಗೆ ಚೌಕಾಸಿ ಮಾಡುವ ಬಲವಿಲ್ಲ. ಇವತ್ತೇ ಮಾರಬೇಕು, ಕೊಳ್ಳುವವನಿಗೆ ಅದು ಗೊತ್ತು. ೨೦೨೩ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಾವೆಲ್ಲ ಗೋಳಾಡಿದೆವು. ಧಾರಣೆ ಬಿದ್ದ ವರ್ಷ ಅದೇ ಹಣ್ಣನ್ನು ರಸ್ತೆಗೆ ಸುರಿದವನ ಗೋಳು ನಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಚಿತ್ರವಾಯಿತು. ಯಾವ ಉಗ್ರಾಣದಲ್ಲೂ ಏನೂ ಕೊಳೆಯದ ಲೋಕದಲ್ಲಿ ತಾಳ್ಮೆಯಿದ್ದವನೆಲ್ಲ ಸಾಹುಕಾರನೇ. ಆ ಲೋಕದಲ್ಲಿ ಬೆಳೆದ ಹುಡುಗ ನಾಳೆ ಬಡವನನ್ನು ನೋಡಿ, ಪಾಪ ಇವನಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳುತ್ತಾನೆ.

ಹಾಗಾದರೆ ಯಾವುದನ್ನು ಆರಿಸಬೇಕು? ನನ್ನ ಉತ್ತರ ಹಳೆಯದು. ೧೯೮೩ರಲ್ಲಿ ಡೇನಿಯೆಲ್ ಬಂಟನ್ ಬೆರಿ ಮತ್ತು ಸಂಗಡಿಗರು ರಚಿಸಿದ 'ಮ್ಯೂಲ್' ಎಂಬ ಆಟ. ಚಿತ್ರ ನೋಡಿದರೆ ಇಂದಿನ ಮಕ್ಕಳು ನಕ್ಕಾರು, ಬೆರಳುದ್ದದ ಗೊಂಬೆಗಳು. ನಾಲ್ವರು ಒಂದು ಪರಗ್ರಹಕ್ಕೆ ಹೋಗಿ ಭೂಮಿ ಹಿಡಿಯುತ್ತಾರೆ. ಯಂತ್ರದ ಹೇಸರಗತ್ತೆಗಳನ್ನು ಕೊಂಡು ಆಹಾರ, ಶಕ್ತಿ, ಅದಿರು ತೆಗೆಯುತ್ತಾರೆ. ಸೊಗಸಿರುವುದು ಹರಾಜಿನಲ್ಲಿ. ಮಾರುವವರು ತೆರೆಯ ಮೇಲಂಚಿನಲ್ಲಿ, ಕೊಳ್ಳುವವರು ಕೆಳಗಂಚಿನಲ್ಲಿ ನಿಲ್ಲುತ್ತಾರೆ. ಮಾರುವವನು ಒಂದೊಂದು ಹೆಜ್ಜೆ ಇಳಿದಂತೆ ಅವನ ಬೆಲೆ ಇಳಿಯುತ್ತದೆ. ಕೊಳ್ಳುವವನು ಹತ್ತಿದಂತೆ ಏರುತ್ತದೆ. ಇಬ್ಬರೂ ಎಲ್ಲಿ ಮುಟ್ಟುತ್ತಾರೋ ಅದೇ ಧಾರಣೆ. ಬೆಲೆ ಆಕಾಶದಿಂದ ಉದುರಿದ ಅಂಕಿಯಲ್ಲ, ಇಬ್ಬರ ಹಟ ಮತ್ತು ಹಸಿವಿನ ನಡುವೆ ಎಳೆದ ಗೆರೆ ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಇನ್ನೊಂದು ಆಟವನ್ನು ನಾನು ಕಂಡಿಲ್ಲ. ಅದರಲ್ಲಿ ಕೂಡಿಟ್ಟ ಆಹಾರ ಕೊಳೆಯುತ್ತದೆ. ಆಹಾರ ಸಾಲದವನಿಗೆ ಮುಂದಿನ ಸರದಿಯಲ್ಲಿ ಕೆಲಸಕ್ಕೆ ಸಿಗುವ ವೇಳೆಯೇ ಕಡಮೆ. ಹಸಿದವನು ಹಿಂದೆ ಬೀಳುವುದು ಹೀಗೆ. ಕೊನೆಗೆ ಒಬ್ಬನು ಮೊದಲಿಗನಾಗುತ್ತಾನೆ, ನಿಜ; ಆದರೆ ನಾಲ್ವರ ಗಳಿಕೆಯನ್ನೂ ಕೂಡಿಸಿ ಇಡೀ ವಸಾಹತಿಗೂ ಒಂದು ತೀರ್ಪು ಬರುತ್ತದೆ. ಮಿಕ್ಕ ಮೂವರನ್ನು ಹಿಂಡಿ ಗೆದ್ದವನು ಹಾಳೂರಿನ ಗೌಡನಾಗುತ್ತಾನೆ. ಇಂದು ಇದನ್ನು ಸ್ವಲ್ಪ ಹುಡುಕಬೇಕು. ಹುಡುಕುವ ಶ್ರಮ ದಂಡವಾಗದು.

ಹೊಸದೇ ಬೇಕೆನ್ನುವವರಿಗೆ, ಮೇಲೆ ಹೇಳಿದ ಮಂಗಳಗ್ರಹದ ಆಟ 'ಆಫ್‌ವರ್ಲ್ಡ್ ಟ್ರೇಡಿಂಗ್ ಕಂಪನಿ' (೨೦೧೬) ಇದೆ. ಅಲ್ಲಿ ಸೈನ್ಯವಿಲ್ಲ, ಎದುರಾಳಿಯ ಷೇರುಗಳನ್ನೆಲ್ಲ ಕೊಂಡು ಅವನನ್ನು ನುಂಗುವುದೇ ಗೆಲುವು. ಕಾಳಸಂತೆಗೆ ಹೋಗಿ ಅವನ ಕೆಲಸ ಕೆಡಿಸಬಹುದು. ಕ್ರೂರವಾದ ಆಟ. ಆದರೆ ಕ್ರೌರ್ಯವನ್ನು ಬಚ್ಚಿಡುವುದಿಲ್ಲವಾದ್ದರಿಂದ ನನಗೆ ಮೆಚ್ಚು. ಪುರಸೊತ್ತು ಇದ್ದವರು 'ವಿಕ್ಟೋರಿಯಾ ೩'ಕ್ಕೆ ಕೈ ಹಾಕಲಿ: ಕೊಳ್ಳುವವರು ಹೆಚ್ಚಾದರೆ ಧಾನ್ಯದ ಬೆಲೆ ಏರುತ್ತದೆ, ಏರಿದರೆ ಜನರ ಬಾಳಿನ ಮಟ್ಟ ಕುಸಿಯುತ್ತದೆ, ಕುಸಿದರೆ ದೊಂಬಿ. ಹಾನ್ಸಾ ನಗರಗಳ ವರ್ತಕರನ್ನು ಕುರಿತ 'ಪೆಟ್ರೀಷಿಯನ್' ಮಾಲೆಯೂ (೧೯೯೨ರಿಂದ) ಕೆಟ್ಟದ್ದಲ್ಲ. ಊರಿನವರ ಮೆಚ್ಚುಗೆಯಿಲ್ಲದೆ ಅಲ್ಲಿ ನಗರಾಧ್ಯಕ್ಷನಾಗುವಂತಿಲ್ಲ.

ನಮ್ಮ ತಲೆಮಾರಿನವರು ಬೇಸಗೆ ರಜೆಯಲ್ಲಿ ನೆಲದ ಮೇಲೆ ಹಾಸಿ ಆಡಿದ 'ಬಿಸಿನೆಸ್' ಆಟದ ಮೂಲಕ್ಕೂ ಇಂಥದೇ ಕಥೆಯಿದೆ. ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ ೧೯೦೪ರಲ್ಲಿ 'ಲ್ಯಾಂಡ್‌ಲಾರ್ಡ್ಸ್ ಗೇಮ್' ಎಂಬ ಆಟಕ್ಕೆ ಹಕ್ಕುಪತ್ರ ಪಡೆದಳು. ಜಮೀನಿನ ಬಾಡಿಗೆ ಒಬ್ಬನ ಕೈಗೆ ಸೇರಿದರೆ ಮಿಕ್ಕವರು ಹೇಗೆ ದಿವಾಳಿಯಾಗುತ್ತಾರೆಂದು ತೋರಿಸುವುದು ಅವಳ ಉದ್ದೇಶ. ೧೯೩೫ರಲ್ಲಿ ಅದೇ 'ಮೊನಾಪಲಿ' ಎಂಬ ಹೆಸರಿನಿಂದ ಅಂಗಡಿಗೆ ಬಂದಾಗ ಎಚ್ಚರಿಕೆ ಅಳಿಸಿಹೋಗಿ, ದಿವಾಳಿ ಎಬ್ಬಿಸುವ ಸಂತೋಷ ಮಾತ್ರ ಉಳಿದಿತ್ತು. ನಾವು ಆಡಿದ್ದು ಈ ಎರಡನೆಯದರ ಮರಿಯನ್ನು.

ಇನ್ನೊಂದು ಮಾತು, ಬೆಂಗಳೂರಿನಲ್ಲಿ ಊರಿಗೆ ಊರೇ ಕಂಪ್ಯೂಟರ್ ಕೆಲಸ ಮಾಡುತ್ತಿರುವುದರಿಂದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರು. ಬಸರೂರಿನ ಅಕ್ಕಿ ಗೋವೆಗೆ ಹೋಯಿತು, ಮಸ್ಕತ್ತಿಗೆ ಹೋಯಿತು. ೧೬೬೫ರಲ್ಲಿ ಶಿವಾಜಿ ಸಮುದ್ರದ ಮೇಲಿಂದ ಬಂದು ದಾಳಿ ಮಾಡಬೇಕಾದಷ್ಟು ಸಂಪತ್ತು ಆ ಊರಿನಲ್ಲಿತ್ತು. ಲಂಡನ್ನಿನ ಕಚೇರಿಯಿಂದಲ್ಲದೆ ಬಸರೂರಿನ ಪೇಟೆಯಿಂದ ಹಡಗನ್ನು ಎದುರುನೋಡುವ ಒಂದು ಆಟವನ್ನು ಯಾರಾದರೂ ಬರೆಯಲಿ. ಗೇಣಿ ಕೊಡುವ ಒಕ್ಕಲು ಅದರಲ್ಲಿರಬೇಕು. ಎರಡು ಮಳೆಗಾಲ ಉಗ್ರಾಣದಲ್ಲಿ ಉಳಿದ ಅಕ್ಕಿಗೆ ಹುಳು ಹಿಡಿಯಬೇಕು. ಅಂಥದು ಬಂದರೆ ನಾನು ಮೊದಲ ದಿನವೇ ಕೊಳ್ಳುತ್ತೇನೆ, ರಿಯಾಯಿತಿ ಕೇಳುವುದಿಲ್ಲ.