ಊರ ಹೆಸರು ಹೊತ್ತ ತಂಡಗಳು

ಕಿರಿಮಂಜೇಶ್ವರದ ಬಯಲಿನಲ್ಲಿ ಮಳೆಗಾಲದ ಬತ್ತದ ಕೊಯ್ಲು ಮುಗಿದ ಮೇಲೆ ಕೆಲವು ಗದ್ದೆಗಳಿಗೆ ಉದ್ದನ್ನೋ ನೆಲಗಡಲೆಯನ್ನೋ ಬಿತ್ತುತ್ತಾರೆ. ಬಿತ್ತದೆ ಉಳಿದ ಗದ್ದೆಗಳು ಹುಡುಗರ ಪಾಲಿನವು. ಅವರು ಕೂಳೆ ಸವರಿ, ಹೆಂಟೆ ಒಡೆದು, ನೆಲವನ್ನು ತಟ್ಟಿ ಸಮಮಾಡಿ ಟೆನಿಸ್ ಚೆಂಡಿನ ಕ್ರಿಕೆಟ್ಟಿಗೆ ಅಣಿಯಾಗುತ್ತಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಕೆಲವೇ ಓವರುಗಳ ಇಂಥ ಪಂದ್ಯಾವಳಿಗಳು ಹೊನಲು ಬೆಳಕಿನಲ್ಲಿ ರಾತ್ರಿಯೆಲ್ಲ ನಡೆಯುವುದುಂಟು. ಇಂಗ್ಲೆಂಡಿನ ಕೌಂಟಿ ತಂಡಗಳು 2003ರಲ್ಲಿ ಇಪ್ಪತ್ತು ಓವರುಗಳ ಪಂದ್ಯಾವಳಿಯನ್ನು ಆರಂಭಿಸಿದಾಗ ಅದೊಂದು ಹೊಸತನವೆನಿಸಿತು. ಕರಾವಳಿಯ ಗದ್ದೆಗಳಲ್ಲಿ ಆಡುವವರಿಗೆ ಅದೇ ದೀರ್ಘವಾದ ಆಟ!

ಆದರೆ ಗದ್ದೆಯ ಆಟಕ್ಕೂ ತೊಗಲ ಚೆಂಡಿನ ಆಟಕ್ಕೂ ನಡುವೆ ದೊಡ್ಡ ಕಂದಕವಿದೆ. ತೊಗಲ ಚೆಂಡು ಪುಟಿಯುವ ರೀತಿಯೇ ಬೇರೆ. ಅದಕ್ಕೆ ತಕ್ಕ ಅಂಕಣ, ಸಲಕರಣೆ, ತರಬೇತಿ ಇವು ಹಳ್ಳಿಗೆ ದುರ್ಲಭ. ಈ ಕಂದಕಕ್ಕೆ ಸೇತುವೆಯಾಗಬೇಕಾದವು ಪ್ರಾದೇಶಿಕ ಚುಟುಕು ಕ್ರಿಕೆಟ್ ಲೀಗುಗಳು. ಕರ್ನಾಟಕ ಪ್ರೀಮಿಯರ್ ಲೀಗ್ 2009ರಲ್ಲಿ ಆರಂಭವಾಯಿತು. ಅದರಲ್ಲಿ ಬಿಜಾಪುರ ಬುಲ್ಸ್ ತಂಡಕ್ಕೆ ಆಡಿದ ಕೊಡಗಿನ ಕೆ. ಸಿ. ಕಾರಿಯಪ್ಪ, ಅದುವರೆಗೆ ಒಂದು ರಣಜಿ ಪಂದ್ಯವನ್ನೂ ಆಡದವರು, 2015ರ ಐಪಿಎಲ್ ಹರಾಜಿನಲ್ಲಿ 2.4 ಕೋಟಿ ರೂಪಾಯಿಗೆ ಕೋಲ್ಕತ್ತ ತಂಡವನ್ನು ಸೇರಿದರು.

ಆ ಲೀಗಿಗೆ ಕಳಂಕ ತಟ್ಟಿದ್ದು 2019ರಲ್ಲಿ. ಹಣಕ್ಕಾಗಿ ಆಟವನ್ನು ಮಾರಿಕೊಂಡರೆಂಬ ಆಪಾದನೆಯ ಮೇಲೆ ಪೊಲೀಸರು ತಂಡದ ಒಡೆಯರೊಬ್ಬರನ್ನೂ ಕೆಲವು ಆಟಗಾರರನ್ನೂ ಬಂಧಿಸಿದರು. ಇಂಥ ಕೃತ್ಯದಿಂದ ಕ್ರೀಡಾಪ್ರಿಯರಿಗೆ ಮೋಸವಾಯಿತೆಂಬ ಭಾವನೆ ಮೂಡಬಹುದಾದರೂ ಅದು ದಂಡಸಂಹಿತೆಯ 420ನೆಯ ಕಲಮಿನ ಅಪರಾಧವಾಗದು, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಸೇರಿದ್ದು ಎಂದು ಕರ್ನಾಟಕ ಉಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ ತೀರ್ಪಿತ್ತಿತು. ಕಾನೂನಿನ ಮಾತು ಹಾಗಿರಲಿ. ಈ ಹಗರಣದ ಬೆನ್ನಿಗೇ ಕೊರೋನಾ ಪಿಡುಗು ಬಂದು ಎರಡು ವರ್ಷ ಆಟವೇ ನಡೆಯಲಿಲ್ಲ. 2019ರಲ್ಲಿ ಹದಿನೆಂಟರವನಾಗಿದ್ದ ಹುಡುಗನಿಗೆ ಮುಂದಿನ ಅವಕಾಶ ಬರುವಷ್ಟರಲ್ಲಿ ಇಪ್ಪತ್ತೊಂದು. ಏನೂ ತಪ್ಪು ಮಾಡದ ಅವನ ನಷ್ಟವನ್ನು ತುಂಬಿಕೊಡುವವರು ಯಾರು?

2022ರಲ್ಲಿ ಲೀಗು ಮಹಾರಾಜ ಟ್ರೋಫಿಯೆಂಬ ಹೆಸರಿನಲ್ಲಿ ಮತ್ತೆ ತಲೆಯೆತ್ತಿತು. ಗುಲ್ಬರ್ಗ, ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು, ಮೈಸೂರು, ಬೆಂಗಳೂರು ಎಂದು ಆರು ಊರುಗಳ ಹೆಸರಿನ ಆರು ತಂಡಗಳು. ಆದರೆ ಮೊದಲ ನಾಲ್ಕು ವರ್ಷಗಳ ಪಂದ್ಯಗಳೆಲ್ಲ ನಡೆದದ್ದು ಬೆಂಗಳೂರು, ಮೈಸೂರುಗಳಲ್ಲಿ ಮಾತ್ರ. 2025ರಲ್ಲಿ ಮಂಗಳೂರು ಡ್ರ್ಯಾಗನ್ಸ್ ತಂಡ ಹುಬ್ಬಳ್ಳಿಯನ್ನು ಸೋಲಿಸಿ ಟ್ರೋಫಿ ಗೆದ್ದಿತು, ಗೆದ್ದದ್ದು ಮೈಸೂರಿನಲ್ಲಿ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳಲಾಗುತ್ತದೆ. ಆ ವರ್ಷದ ನಿಯಮದಂತೆ ಹದಿನಾರರಿಂದ ಹದಿನೆಂಟು ಮಂದಿಯ ತಂಡದಲ್ಲಿ ಆಯಾ ಪ್ರದೇಶದವರು ಕನಿಷ್ಠ ಇಬ್ಬರಿದ್ದರೆ ಸಾಕು. ಊರಿನ ಹೆಸರನ್ನು ಎರವಲು ಪಡೆದವರು ಊರಿಗೆ ಸಲ್ಲಿಸಬೇಕಾದ ಋಣ ಇಷ್ಟೇ ಆದರೆ ಅದು ತೀರ ಅಲ್ಪವಾಯಿತು.

ನೆರೆಯ ತಮಿಳುನಾಡಿನ ರೀತಿ ಬೇರೆ. ಅಲ್ಲಿಯ ಲೀಗು 2016ರಲ್ಲಿ ಆರಂಭವಾದ ವರ್ಷವೇ ಚೆನ್ನೈಯ ಜೊತೆಗೆ ದಿಂಡಿಗಲ್ಲಿಗೂ ತಿರುನೆಲ್ವೇಲಿಗೂ ಪಂದ್ಯಗಳನ್ನು ಕೊಂಡೊಯ್ದಿತು. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯೆಂಬ ಹಳ್ಳಿಯಲ್ಲಿ ಟೆನಿಸ್ ಚೆಂಡಿನಿಂದಲೇ ಆಡಿ ಬೆಳೆದ ಟಿ. ನಟರಾಜನ್ ಎಲ್ಲರ ಕಣ್ಣಿಗೆ ಬಿದ್ದದ್ದು ಆ ಲೀಗಿನಲ್ಲಿ. ಬ್ಯಾಟುಗಾರನ ಕಾಲಬುಡಕ್ಕೇ ಗುರಿಯಿಟ್ಟು ಎಸೆಯುವ ಯಾರ್ಕರ್ ಅವರ ಅಸ್ತ್ರ. 2020ರ ಡಿಸೆಂಬರಿನಲ್ಲಿ ಅವರು ಆಸ್ಟ್ರೇಲಿಯದಲ್ಲಿ ಭಾರತದ ಪರವಾಗಿ ಆಡಿದರು. ಅಂಥ ತೋಳುಗಳು ಕುಂದಾಪುರ ಸೀಮೆಯ ಗದ್ದೆಗಳಲ್ಲಿ ಇಲ್ಲವೆಂದು ಹೇಳಬೇಕಾದರೆ ಮೊದಲು ಅಲ್ಲಿಗೆ ಬಂದು ನೋಡಿದವರಿರಬೇಕು.

ಲೀಗು ನಡೆಯುವುದು ಆಗಸ್ಟ್ ತಿಂಗಳಿನಲ್ಲಿ; ಆಗ ಕರಾವಳಿಯಲ್ಲಿ ಬಿಡುವಿಲ್ಲದ ಮಳೆ ಎಂಬ ಆಕ್ಷೇಪ ನಿಜವಾದದ್ದೇ. ಮಳೆಯಲ್ಲಿ ಪಂದ್ಯವಾಡಿಸಿರೆಂದು ಯಾರೂ ಕೇಳುವುದಿಲ್ಲ. ಆದರೆ ಜನವರಿ, ಫೆಬ್ರವರಿಗಳಲ್ಲಿ ಆಯ್ಕೆಗಾರರು ಬಂದು, ಹುಡುಗರ ಕೈಗೆ ತೊಗಲ ಚೆಂಡು ಕೊಟ್ಟು ಎಸೆಯಿಸಿ ನೋಡಬಹುದು. ಹರಾಜಿನ ನಿಯಮದಲ್ಲಿ ಇಬ್ಬರು ಎಂದಿರುವೆಡೆ ಐವರು ಎಂದು ತಿದ್ದುವುದಕ್ಕಂತೂ ಮಳೆಯ ಅಡ್ಡಿಯೂ ಇಲ್ಲ.