ವಿಲೀನದ ಹೊರೆ ಕೌಂಟರಿನ ಮೇಲೆ

1941ರಲ್ಲಿ ನಿಜಾಮರ ಆಡಳಿತದಲ್ಲಿ ಸ್ಥಾಪನೆಯಾದ ಹೈದರಾಬಾದ್ ಬ್ಯಾಂಕು ಬೀದರ್ ಸೀಮೆಗೆ ಚಿರಪರಿಚಿತವಾಗಿತ್ತು. 2017ರ ಏಪ್ರಿಲ್ 1ರಂದು ಅದು, ಮೈಸೂರು ಬ್ಯಾಂಕೂ ಸೇರಿದಂತೆ ಇತರ ನಾಲ್ಕು ಸಹವರ್ತಿ ಬ್ಯಾಂಕುಗಳೊಡನೆ, ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು.

ಲೆಕ್ಕಪತ್ರಗಳ ವಿಲೀನಕ್ಕೆ ಒಂದು ದಿನಾಂಕ ಸಾಕು. ವಿಶ್ವಾಸದ ವಿಲೀನಕ್ಕೆ ಸಾಲದು. ಐಎಫ್‌ಎಸ್‌ಸಿ ಕೋಡ್, ಚೆಕ್ ಪುಸ್ತಕ ಬದಲಾದಾಗ ಕೊಳಾರದ ಸಣ್ಣ ಉದ್ಯಮಿಗೂ ಔರಾದಿನ ಪಿಂಚಣಿದಾರರಿಗೂ ಉತ್ತರ ಹೇಳಬೇಕಾದವರು ಕೌಂಟರಿನ ಸಿಬ್ಬಂದಿ. ಅವರ ಎದುರಿಗೋ ಸ್ವಯಂನಿವೃತ್ತಿ, ಸೇವಾಜ್ಯೇಷ್ಠತೆ, ವರ್ಗಾವಣೆಯ ಪ್ರಶ್ನೆಗಳು. ತಮ್ಮ ನಾಳೆಯನ್ನೇ ಅರಿಯದವರು ಗ್ರಾಹಕರಿಗೆ ಭರವಸೆ ನೀಡುವುದೆಂತು?

ನೌಕರರ ಸಮಸ್ಯೆ, ಗ್ರಾಹಕರ ಸಮಸ್ಯೆ ಎಂದು ಎರಡು ಕಡತ ತೆರೆಯುವುದೇ ತಪ್ಪು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿವೆ. ಅಲ್ಲಿಯಾದರೂ ಸಿಬ್ಬಂದಿಯ ಅನಿಶ್ಚಿತತೆ ಮೊದಲು ನೀಗಲಿ. ಜನರ ಭಾಷೆ ಬಲ್ಲವರು ಕೌಂಟರಿನಲ್ಲಿ ಉಳಿಯಲಿ.